ಮರೆವಿಗೊಂದು ಮಾತ್ರೆ, ಮಾತ್ರೆಯಿಂದಲೂ ಮರೆವು
(ಮಹಿಳಾ ವೇದಿಕೆಯ ಸಭೆಯಲ್ಲಿ ಆಡಿದ ಮಾತು)

‘ನೆನಪು ಹೆಚ್ಚಿಸುವ ಮಾತ್ರೆ ಇದೆಯಂತೆ, ಅತ್ತೆಯವರಿಗೆ ಕೊಡಬಹುದಾ?’ ಎಂದು ನಮ್ಮಲ್ಲಿ ಹಲವರು ಕೇಳುತ್ತಿರುತ್ತೀರಿ. ಅದಕ್ಕೇ ಇವತ್ತು ಈ ವಿಷಯ.

ಮೆದುಳಿನ ಒಂದು ನರಕೋಶ ಇನ್ನೊಂದಕ್ಕೆ ಸುದ್ದಿ ಮುಟ್ಟಿಸುವುದು ನ್ಯೂರೋಟ್ರಾನ್ಸ್‌ಮಿಟರ್ ಎಂಬ ರಾಸಾಯನಿಕಗಳ ಮೂಲಕ. ವಯಸ್ಸಾದಂತೆ ಇವುಗಳಲ್ಲಿ ಡೋಪಮಿನ್‌ನ ಕೆಲಸ ನಿಧಾನವಾಗಿ ತಗ್ಗುತ್ತದೆ. ಹೆಸರು ನಾಲಿಗೆಯ ತುದಿಗೆ ಬಂದು ನಿಲ್ಲುವುದು, ಆಮೇಲೆ ಒಗ್ಗರಣೆ ಹಾಕುವಾಗ ಥಟ್ಟನೆ ಹೊಳೆಯುವುದು ರೋಗವಲ್ಲ. ಆಲ್‌ಝೈಮರ್ ಬೇರೆ. ಅದರಲ್ಲಿ ಗಮನಕ್ಕೂ ಹೊಸ ನೆನಪಿಗೂ ಬೇಕಾದ ಅಸಿಟೈಲ್‌ಕೋಲಿನ್ ತಯಾರಿಸುವ ಕೋಶಗಳೇ ಸಾಯುತ್ತವೆ.

ಡೋನೆಪೆಜಿಲ್ ಎಂಬ ಮಾತ್ರೆಗೆ ಅಮೆರಿಕದಲ್ಲಿ 1996ರಲ್ಲಿ ಒಪ್ಪಿಗೆ ಸಿಕ್ಕಿತು. ಅದು ಸತ್ತ ಕೋಶವನ್ನು ಬದುಕಿಸುವುದಿಲ್ಲ. ಇರುವ ಅಸಿಟೈಲ್‌ಕೋಲಿನನ್ನು ಒಡೆಯುವ ಕಿಣ್ವವನ್ನು ತಡೆಯುತ್ತದೆ, ಅಷ್ಟೆ. ನಲ್ಲಿಯಲ್ಲಿ ನೀರು ಸಣ್ಣಗೆ ಬರುವಾಗ ತೊಟ್ಟಿಯ ತೂತಿಗೆ ಬಟ್ಟೆ ತುರುಕಿದ ಹಾಗೆ. ಕೆಲವರಿಗೆ ಕೆಲಕಾಲ ತುಸು ಅನುಕೂಲವಾಗುತ್ತದೆ, ರೋಗ ನಿಲ್ಲುವುದಿಲ್ಲ. ವಾಕರಿಕೆ, ಭೇದಿ ಆಗಬಹುದು, ನಾಡಿ ನಿಧಾನವಾಗಬಹುದು. ಸಾಮಾನ್ಯ ಮರೆವಿಗೆ ಅದು ಔಷಧವೇ ಅಲ್ಲ. ಇನ್ನು ನಮ್ಮ ಒಂದೆಲಗದ ತಂಬುಳಿ: ಧಾರಾಳವಾಗಿ ಮಾಡಿ, ಬಡಿಸಿ, ಆದರೆ ಡಾಕ್ಟರ ಚೀಟಿಯ ಬದಲಿಗೆ ಬೇಡ.

ನಾನು ಮುಖ್ಯವಾಗಿ ಹೇಳಬೇಕಾದದ್ದು ಇದು. ಇದೇ ಅಸಿಟೈಲ್‌ಕೋಲಿನ್‌ಗೆ ಅಡ್ಡಗಟ್ಟುವ ಔಷಧಗಳೂ ನಮ್ಮ ಡಬ್ಬಿಯಲ್ಲೇ ಇರುತ್ತವೆ. ಎಷ್ಟೋ ನೆಗಡಿ ಮಾತ್ರೆಗಳಲ್ಲಿರುವ ಕ್ಲೋರ್‌ಫೆನಿರಮಿನ್, ನರನೋವಿಗೆ ಬರೆದುಕೊಡುವ ಅಮಿಟ್ರಿಪ್ಟಿಲಿನ್, ಮೂತ್ರ ತಡೆಯಲಾಗದವರಿಗೆ ಕೊಡುವ ಆಕ್ಸಿಬ್ಯುಟಿನಿನ್ ಇಂಥವು. ವಯಸ್ಸಾದವರಲ್ಲಿ ಇವು ಬಾಯಿ ಒಣಗಿಸುತ್ತವೆ, ಮಲಬದ್ಧತೆ ತರುತ್ತವೆ, ಮಂಕು ಕವಿಸುತ್ತವೆ. ಮನೆಯವರು ‘ಅರಳು ಮರಳು’ ಎಂದುಕೊಂಡು ಸುಮ್ಮನಾಗುತ್ತಾರೆ. ಇನ್ನೊಂದು ಪೇಚೂ ಇದೆ: ಡೋನೆಪೆಜಿಲ್‌ನಿಂದ ಕೆಲವರಿಗೆ ಮೂತ್ರದ ಅವಸರ ಹೆಚ್ಚುತ್ತದೆ. ಅದಕ್ಕೆ ಮತ್ತೊಬ್ಬ ವೈದ್ಯರು ಆಕ್ಸಿಬ್ಯುಟಿನಿನ್ ಬರೆಯುತ್ತಾರೆ. ಒಂದು ಮಾತ್ರೆ ಮುಂದೆ ಎಳೆದರೆ ಇನ್ನೊಂದು ಹಿಂದೆ ಎಳೆಯುತ್ತದೆ, ನಡುವೆ ಅಜ್ಜಿ.

ಹಾಗೆಂದು ಈ ರಾತ್ರಿಯಿಂದಲೇ ಯಾವುದನ್ನೂ ನಿಲ್ಲಿಸಬೇಡಿ. ಕೆಮ್ಮಿನ ಸಿರಪ್, ಮೆಡಿಕಲ್‌ನಲ್ಲಿ ಚೀಟಿಯಿಲ್ಲದೆ ತಂದದ್ದು, ಊರಿಂದ ಬಂದ ಲೇಹ್ಯ ಎಲ್ಲವನ್ನೂ ಒಂದು ಚೀಲಕ್ಕೆ ಹಾಕಿಕೊಂಡು ಒಬ್ಬರೇ ವೈದ್ಯರ ಮುಂದೆ ಸುರಿಯಿರಿ. ‘ಇದರಲ್ಲಿ ಮರೆವು ತರುವಂಥದ್ದು ಯಾವುದು?’ ಎಂದೇ ಕೇಳಿ. ಬಿ12, ಥೈರಾಯ್ಡ್ ಪರೀಕ್ಷೆ ಆಗಿದೆಯೇ ಎಂದೂ ವಿಚಾರಿಸಿ. ಆ ಕೊರತೆಗಳಿಂದ ಬಂದ ಮರೆವಿಗೆ ಚಿಕಿತ್ಸೆಯಿದೆ. ಎರಡೇ ದಿನದಲ್ಲಿ ಗೊಂದಲ ಹೆಚ್ಚಿದರೆ ಮುಂದಿನ ಅಪಾಯಿಂಟ್‌ಮೆಂಟಿಗೆ ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಇನ್ನು ನಿಮ್ಮ ಪ್ರಶ್ನೆಗಳು ಬರಲಿ.