ಸೂರು ಸೋರದಿರಲಿ

(ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಉರ್ದು ಮತ್ತು ಕನ್ನಡ ಪಾಠ ಹೇಳುವವರಿಗೆ ತಾರಸಿಯ ಸೋರಿಕೆಯ ಗೊಡವೆ ಏಕೆ ಎಂದು ನಿಮ್ಮಲ್ಲಿ ಕೆಲವರಿಗೆ ಅನಿಸಬಹುದು. ಕನ್ನಡದಲ್ಲಿ 'ಸೂರು' ಮತ್ತು 'ಸೋರು' ಎಂಬ ಎರಡು ಪದಗಳ ನಡುವೆ ಇರುವುದು ಒಂದೇ ಸ್ವರದ ಅಂತರ. ಶಿರೂರಿನಿಂದ ಬ್ರಹ್ಮಾವರದವರೆಗಿನ ನಮ್ಮ ಟೆರೇಸ್ ಮನೆಗಳಲ್ಲಿ ಈ ಅಂತರವನ್ನು ಕಾಯ್ದುಕೊಳ್ಳಲು ಜನ ಮತ್ತೆ ಮತ್ತೆ ದುಡ್ಡು ಸುರಿಯುತ್ತಿದ್ದಾರೆ. ಪರದೇಶದಲ್ಲಿ ವರ್ಷಗಟ್ಟಲೆ ದುಡಿದು ಕಟ್ಟಿಸಿದ ಮನೆಯ ದುಡ್ಡು ಅದು. ಆ ದುಡ್ಡು ನೀರುಪಾಲಾಗದಿರಲು ಬೇಕಾದ ವಿದ್ಯೆ ದೊಡ್ಡದೇನಲ್ಲ. ಡಬ್ಬದ ಮೇಲಿನ ಬರಹವನ್ನು ಓದುವ ಅಭ್ಯಾಸ ಮತ್ತು ಶಾಲೆಯಲ್ಲಿ ಕಲಿತ ಗುಣಾಕಾರ, ಭಾಗಾಕಾರ ಇದ್ದರೆ ಸಾಕು. ಆದ್ದರಿಂದ ಇದು ಶಿಕ್ಷಣ ಸಂಘದ ವೇದಿಕೆಗೆ ತಕ್ಕ ವಿಷಯವೇ ಆಗಿದೆ.

ನಮ್ಮ ಅಜ್ಜ ಅಜ್ಜಿಯರ ಕಾಲದಲ್ಲಿ ಇಲ್ಲಿದ್ದುದು ಹುಲ್ಲಿನ ಮಾಡು, ಹಂಚಿನ ಮಾಡು. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಮಂಗಳೂರು ಹಂಚು ಕರಾವಳಿಯುದ್ದಕ್ಕೂ ಹರಡಿತು. ಆ ಮಾಡಿನ ಗುಟ್ಟು ಅದರ ಇಳಿಜಾರು. ಬಿದ್ದ ನೀರು ನಿಲ್ಲದೆ ಜಾರಿ ಹೋಗುತ್ತಿತ್ತು. ಒಂದು ಹಂಚು ಒಡೆದರೆ ಅದೊಂದನ್ನೇ ಬದಲಿಸಿದರೆ ಸಾಕಾಗುತ್ತಿತ್ತು.

ಚಪ್ಪಟೆ ಮೇಲ್ಛಾವಣಿ ಮೂಲತಃ ಮಳೆ ಕಡಿಮೆಯಿರುವ ಸೀಮೆಗಳದ್ದು. ವಿಜಯಪುರ, ರಾಯಚೂರು ಕಡೆಯ ಮಣ್ಣಿನ ಮಾಳಿಗೆ ಮನೆಗಳನ್ನು ನೆನೆಯಿರಿ. ಅಲ್ಲಿ ವರ್ಷಕ್ಕೆ ಬೀಳುವುದು ಸುಮಾರು 600 ಮಿ.ಮೀ. ಮಳೆ. ನಮ್ಮವರು ದುಡಿಯುವ ದುಬೈಯಲ್ಲಿ ವರ್ಷವಿಡೀ ಸೇರಿ 100 ಮಿ.ಮೀ. ಆಸುಪಾಸು. 2024ರ ಏಪ್ರಿಲ್ 16ರಂದು ಅಲ್ಲಿ ಒಂದೇ ದಿನ ಅದಕ್ಕಿಂತ ಹೆಚ್ಚು ಸುರಿದಾಗ ವಿಮಾನ ನಿಲ್ದಾಣವೇ ನೀರಿನಲ್ಲಿ ನಿಂತಿತು. ಕುಂದಾಪುರದಲ್ಲಿ ಜುಲೈ ತಿಂಗಳಲ್ಲಿ ಅಂತಹ ಮಳೆ ಬಂದರೆ ನಾವು ಕೊಡೆ ಹಿಡಿದು ಶಾಲೆಗೆ ಹೋಗುತ್ತೇವೆ. ನಮ್ಮ ಜಿಲ್ಲೆಗೆ ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿ. ಮನೆಯ ನಕ್ಷೆಯನ್ನು ಅಲ್ಲಿಂದ ತರಬಹುದು, ಆದರೆ ಅಲ್ಲಿನ ಆಕಾಶವನ್ನು ತರಲಾಗದು.

ವಿದ್ಯಾರ್ಥಿಗಳೇ, ಈಗ ಒಂದು ಲೆಕ್ಕ ಮಾಡೋಣ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿ.ಮೀ. ಮಳೆ ಬಿದ್ದರೆ ಅದು ಒಂದು ಲೀಟರ್ ನೀರು. 1,000 ಚದರ ಅಡಿಯ ತಾರಸಿ ಎಂದರೆ ಸುಮಾರು 93 ಚದರ ಮೀಟರ್. 100 ಮಿ.ಮೀ. ಮಳೆಯ ಒಂದು ದಿನದಲ್ಲಿ ಅದರ ಮೇಲೆ 9,300 ಲೀಟರ್ ನೀರು ಬೀಳುತ್ತದೆ. ವರ್ಷಕ್ಕೆ ಸುಮಾರು 3,70,000 ಲೀಟರ್. ಇಷ್ಟು ನೀರಿಗೆ ಹೋಗಲು ದಾರಿ ಕೊಡದೆ ಬರೀ ಬಣ್ಣ ಬಳಿದು ತಡೆಯುತ್ತೇನೆ ಎನ್ನುವುದು ಹೊಳೆಗೆ ಅಡ್ಡ ಕೈ ಹಿಡಿದಂತೆ.

ಒಸರಿದ ನೀರು ಗೋಡೆಯ ಕಲೆಗೆ ನಿಲ್ಲುವುದಿಲ್ಲ. ಅದು ಕಾಂಕ್ರೀಟಿನ ಸಣ್ಣ ಬಿರುಕುಗಳಲ್ಲಿ ಇಳಿದು ಒಳಗಿನ ಕಬ್ಬಿಣವನ್ನು ಮುಟ್ಟುತ್ತದೆ. ಸಮುದ್ರದ ಉಪ್ಪುಗಾಳಿ ಇರುವ ಗಂಗೊಳ್ಳಿ, ಬೈಂದೂರಿನಂತಹ ಊರುಗಳಲ್ಲಿ ತುಕ್ಕು ಇನ್ನೂ ಬೇಗ ಹಿಡಿಯುತ್ತದೆ. ತುಕ್ಕು ಮೂಲ ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಬೇಡುತ್ತದೆ. ಆ ಒತ್ತಡಕ್ಕೆ ಸ್ಲ್ಯಾಬಿನ ಅಡಿಯ ಕಾಂಕ್ರೀಟ್ ಪದರ ಉಬ್ಬಿ, ಬಿರಿದು, ಒಂದು ದಿನ ಕೆಳಗೆ ಬೀಳುತ್ತದೆ. ಕೆಳಗೆ ಮಲಗಿದವರು, ಪಾಠ ಕೇಳುತ್ತಾ ಕುಳಿತ ಮಕ್ಕಳು ಯಾರೆಂದು ಅದು ನೋಡುವುದಿಲ್ಲ.

ಇನ್ನು ಬಳಿಯುವ ದ್ರವಗಳ ವಿಚಾರ. ಇವು ಹಚ್ಚುವಾಗ ದ್ರವ, ಒಣಗಿದ ಮೇಲೆ ರಬ್ಬರಿನಂತಹ ತೊಗಲು. ಜೋಡಣೆ ಇಲ್ಲದ ಒಂದೇ ಹಾಳೆಯಾಗಿ ತಾರಸಿಯನ್ನು ಹೊದಿಯುವುದು ಇವುಗಳ ಗುಣ. ವಿಚಾರ ಹೊಸದಲ್ಲ. ನಾಲ್ಕು ಸಾವಿರ ವರ್ಷಗಳಿಗೂ ಹಿಂದಿನ ಮೊಹೆಂಜೊದಾರೊದ ದೊಡ್ಡ ಸ್ನಾನದ ಕೊಳಕ್ಕೆ ನೀರು ಒಸರದಂತೆ ನೈಸರ್ಗಿಕ ಡಾಂಬರಿನ ಪದರ ಕೊಟ್ಟಿದ್ದರು. ಇಂದು ಅಂಗಡಿಯಲ್ಲಿ ಮುಖ್ಯವಾಗಿ ಮೂರು ಬಗೆ ಸಿಗುತ್ತವೆ. ಅಕ್ರಿಲಿಕ್ ನೀರಿನಲ್ಲಿ ಕಲಸಿದ್ದು, ಹಚ್ಚಲು ಸುಲಭ. ಬಿಳಿಯದಾದರೆ ಬಿಸಿಲಿನ ಝಳವೂ ತಗ್ಗುತ್ತದೆ. ಆದರೆ ದಿನಗಟ್ಟಲೆ ನೀರು ನಿಂತರೆ ಮೆದುವಾಗಿ ಏಳುವ ಸಂಭವವಿದೆ. ಎರಡನೆಯದು ಸಿಮೆಂಟಿನ ಪುಡಿಗೆ ಪಾಲಿಮರ್ ದ್ರವ ಬೆರೆಸಿ ಹಚ್ಚುವ ಲೇಪ. ಮೂರನೆಯದು ಪಾಲಿಯುರಿಥೇನ್, ಅಂದರೆ ಪಿ.ಯು. ಇದು ಹೆಚ್ಚು ಹಿಗ್ಗುತ್ತದೆ, ನಿಂತ ನೀರನ್ನೂ ಹೆಚ್ಚು ತಾಳುತ್ತದೆ, ಬೆಲೆಯೂ ಹೆಚ್ಚು. ಪಿ.ಯು.ವಿನಲ್ಲಿ ಕೆಲವು ಬಗೆಗಳು ಬಿಸಿಲಿಗೆ ಹಳದಿಯಾಗಿ ಪುಡಿಯೇಳುತ್ತವೆ, ಅವಕ್ಕೆ ಮೇಲೊಂದು ರಕ್ಷಣೆಯ ಕೋಟ್ ಬೇಕು.

ಯಾವುದನ್ನೇ ಕೊಂಡರೂ 'ಎಷ್ಟು ಕೋಟ್' ಎಂದು ಮಾತ್ರ ಕೇಳಬೇಡಿ. 'ಒಣಗಿದ ಮೇಲೆ ಎಷ್ಟು ದಪ್ಪ' ಎಂದು ಕೇಳಿ. ಬೇಕಾದ ದಪ್ಪ ಒಂದೊಂದು ಮಾಲಿಗೆ ಒಂದೊಂದು. ಕಂಪನಿಯ ಮಾಹಿತಿ ಪತ್ರದಲ್ಲಿ ಅದು ಇರುತ್ತದೆ. ಒಂದು ಚದರ ಮೀಟರಿಗೆ ಒಂದು ಲೀಟರ್ ಹಚ್ಚಿದರೆ ಹಸಿ ಪದರ ಒಂದು ಮಿ.ಮೀ. ದಪ್ಪವಾಗುತ್ತದೆ. ಆ ದ್ರವದಲ್ಲಿ ಅರ್ಧ ನೀರಿದ್ದರೆ ಅದು ಆರಿ ಹೋಗಿ ಉಳಿಯುವುದು ಅರ್ಧ ಮಿ.ಮೀ. ಒಣ ಪದರ ಒಂದು ಮಿ.ಮೀ. ಇರಬೇಕೆಂದು ಕಂಪನಿ ಬರೆದಿದ್ದರೆ ನಮ್ಮ 93 ಚದರ ಮೀಟರಿಗೆ 186 ಲೀಟರ್ ಬೇಕು, ಅಂದರೆ 20 ಲೀಟರಿನ ಒಂಬತ್ತು ಬಕೆಟ್ ಮುಗಿದು ಹತ್ತನೆಯದನ್ನು ತೆರೆಯಬೇಕು. ಅದೇ ತಾರಸಿಯನ್ನು ಎರಡೇ ಬಕೆಟಿನಲ್ಲಿ ಮುಗಿಸಿದರೆ ಉಳಿಯುವುದು ಸುಮಾರು 0.2 ಮಿ.ಮೀ. ನೋಡಲು ಎರಡೂ ಒಂದೇ ಬಿಳಿ. ವ್ಯತ್ಯಾಸ ತಿಳಿಯುವುದು ಎರಡನೇ ಮಳೆಗಾಲದಲ್ಲಿ.

ಬಳಿಯುವ ಮೊದಲಿನ ಕೆಲಸವೇ ಮುಕ್ಕಾಲು ಪಾಲು. ಮೊದಲು ಇಳಿಜಾರು ನೋಡಿ. ಕನಿಷ್ಠ ನೂರಕ್ಕೆ ಒಂದು, ಅಂದರೆ ಹತ್ತು ಅಡಿಗೆ ಒಂದು ಇಂಚಿಗಿಂತ ಸ್ವಲ್ಪ ಹೆಚ್ಚು ತಗ್ಗು, ನೀರು ಹೋಗುವ ಪೈಪಿನ ಕಡೆಗೆ ಇರಬೇಕು. ನೀರು ನಿಲ್ಲುವ ಗುಂಡಿಗಳಿಗೆ ಮೊದಲು ಗಾರೆ ಹಾಕಿಸಬೇಕು. ತೆಂಗಿನ ಗರಿಯ ಚೂರು, ಎಲೆ ಕಟ್ಟಿದ ಪೈಪುಗಳನ್ನು ಶುಚಿ ಮಾಡಿಸಬೇಕು. ನಂತರ ಹಾವಸೆಯನ್ನು, ಎದ್ದ ಹಳೇ ಬಣ್ಣವನ್ನು ಕೆರೆದು ತೊಳೆಯಬೇಕು. ಹಾವಸೆಯ ಮೇಲೆ ಹಚ್ಚಿದ್ದು ಹಾವಸೆಗೆ ಅಂಟುತ್ತದೆಯೇ ಹೊರತು ಸ್ಲ್ಯಾಬಿಗಲ್ಲ. ಬಿರುಕುಗಳನ್ನು ಬಿಡಿಸಿ ತುಂಬಬೇಕು. ನೆಲ ಮತ್ತು ಪ್ಯಾರಪೆಟ್ ಗೋಡೆ ಸೇರುವ ಮೂಲೆಗೆ ಗಾರೆಯಿಂದ ಓರೆ ಕೊಟ್ಟು, ಲೇಪದ ನಡುವೆ ಬಲೆಯ ಬಟ್ಟೆ ಕೂರಿಸಿ, ಲೇಪವನ್ನು ಗೋಡೆಯ ಮೇಲೂ ಒಂದಡಿಯಷ್ಟು ಏರಿಸಬೇಕು. ಪೈಪಿನ ಬಾಯಿ, ಟ್ಯಾಂಕಿನ ಕಾಲು, ಸೋಲಾರಿನ ಬೋಲ್ಟ್ ಇರುವಲ್ಲೂ ಹೀಗೆಯೇ ಎಚ್ಚರ ಬೇಕು. ಸೋರುವುದು ಹೆಚ್ಚಾಗಿ ಬಯಲಿನಲ್ಲಲ್ಲ, ಇಂತಹ ಸಂದಿಗಳಲ್ಲಿ.

ಅಕ್ರಿಲಿಕ್, ಪಿ.ಯು. ಹಚ್ಚುವಾಗ ಸ್ಲ್ಯಾಬ್ ಒಣಗಿರಬೇಕು. ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪು ಹಾಕಿ ಅಂಟಿಸಿ. ಮರುದಿನ ಎತ್ತಿದಾಗ ಅಡಿಯಲ್ಲಿ ನೀರ ಹನಿ ಕಂಡರೆ ಒಳಗೆ ತೇವವಿದೆ ಎಂದರ್ಥ. ಆ ತೇವ ಬಿಸಿಲಿಗೆ ಆವಿಯಾಗಿ ಲೇಪದಲ್ಲಿ ಗುಳ್ಳೆ ಎಬ್ಬಿಸುತ್ತದೆ.

ಇಲ್ಲೇ ನಮ್ಮ ಊರಿನ ನಿಜವಾದ ತೊಡಕು ಇರುವುದು. ಗಲ್ಫ್‌ನಲ್ಲಿ ಶಾಲೆಗಳಿಗೆ ರಜೆ ಜುಲೈ, ಆಗಸ್ಟ್‌ನಲ್ಲಿ. ಯಜಮಾನರು ಊರಿಗೆ ಬರುವುದು ಆಗ, ಸೋರಿಕೆ ಕಣ್ಣಿಗೆ ಬೀಳುವುದು ಆಗ, ಹೊರಡುವ ಮೊದಲು ಕೆಲಸ ಮುಗಿಸಬೇಕೆಂಬ ಅವಸರವೂ ಆಗ. ಮಳೆಯ ನಡುವೆ ಎರಡು ದಿನ ಬಿಸಿಲು ಬಂತೆಂದು ಹಚ್ಚಿಸಿದ ಲೇಪ ನಿಲ್ಲುವುದು ಕಷ್ಟ. ಮಳೆಗಾಲದಲ್ಲಿ ಮಾಡಬೇಕಾದುದು ಗುರುತು ಹಾಕುವ ಕೆಲಸ. ಎಲ್ಲಿ ನೀರು ನಿಲ್ಲುತ್ತದೆ, ಎಲ್ಲಿ ಒಸರುತ್ತದೆ ಎಂದು ಫೋಟೋ ತೆಗೆದಿಡಿ. ಲೇಪದ ಕೆಲಸ ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಆಗಲಿ. ಬೆಳಗಿನ ಇಬ್ಬನಿ ಆರಿದ ಮೇಲೆ ಹಚ್ಚಲಿ, ಸುಡುವ ನಡುಹಗಲಿನಲ್ಲಿ ಬೇಡ. ಆ ಹೊತ್ತಿಗೆ ಯಜಮಾನರು ಊರಲ್ಲಿ ಇರುವುದಿಲ್ಲ. ಕೆಲಸ ನೋಡಿಕೊಳ್ಳಬೇಕಾದವರು ತಾಯಿ, ಅಕ್ಕ, ಅಥವಾ ಪಿ.ಯು.ಸಿ. ಓದುವ ಮಗಳು. ಅವರೇ ಡಬ್ಬ ಓದಲಿ, ಖಾಲಿಯಾದ ಬಕೆಟ್‌ಗಳನ್ನು ಎಣಿಸಲಿ, ಪದರದಿಂದ ಪದರಕ್ಕೆ ಬೇಕಾದ ಬಿಡುವು ಕೊಟ್ಟರೇ ಎಂದು ಬರೆದಿಡಲಿ.

ಲೇಪ ಪೂರ್ತಿ ಗಟ್ಟಿಯಾದ ಮೇಲೆ ಪೈಪಿನ ಬಾಯಿ ಮುಚ್ಚಿ, ಒಂದು ಇಂಚು ನೀರನ್ನು ಒಂದೆರಡು ದಿನ ನಿಲ್ಲಿಸಿ ಪರೀಕ್ಷಿಸಿ. ಉಳಿದ ಹಣ ಕೊಡುವುದು ಆ ಮೇಲೆ. ಆದರೆ ಒಂದು ಇಂಚು ನೀರೂ ನಮ್ಮ 1,000 ಚದರ ಅಡಿಗೆ 2,300 ಕಿಲೋಗೂ ಹೆಚ್ಚು ಭಾರ. ಆದ್ದರಿಂದ ಕಬ್ಬಿಣ ಹೊರಗೆ ಕಾಣುವ ಹಳೆಯ ಸ್ಲ್ಯಾಬಿನ ಮೇಲೆ ಈ ಪರೀಕ್ಷೆ ಬೇಡ. ಅಂತಹ ಸ್ಲ್ಯಾಬಿಗೆ ಲೇಪವೂ ಮದ್ದಲ್ಲ. ಮೊದಲು ಇಂಜಿನಿಯರ್ ನೋಡಲಿ. ಒಳಗಿನಿಂದ ಸೀಲಿಂಗಿಗೆ ಬಳಿದರೆ ಕಲೆ ಮುಚ್ಚೀತು, ನೀರು ನಿಲ್ಲದು. ತಾರಸಿಯಲ್ಲಿ ಅಡಿಕೆ, ಕೊಬ್ಬರಿ ಒಣಗಿಸಿ ಗೋರುವವರು ಬರೀ ಲೇಪವನ್ನು ನಂಬಬೇಡಿ. ಅದರ ಮೇಲೆ ಗಾರೆ ಅಥವಾ ಟೈಲ್ಸಿನ ರಕ್ಷಣೆ ಬೇಕು. ಕೈಯಲ್ಲಿ ಹಣವಿದ್ದು ಜಾಗವನ್ನೂ ಬಳಸಬೇಕೆಂದಿದ್ದರೆ, ನಮ್ಮೂರಲ್ಲಿ ಬಹಳ ಮಂದಿ ಮಾಡಿರುವಂತೆ ಮೇಲೊಂದು ಇಳಿಜಾರಿನ ಶೀಟ್ ಮಾಡು ಹಾಕಿಸುವುದೂ ಒಳ್ಳೆಯ ದಾರಿ. ಅದೂ ಅಜ್ಜನ ಮಾಡಿನ ಪಾಠವೇ ಅಲ್ಲವೇ?

ವಿದ್ಯಾರ್ಥಿಗಳೇ, ಈ ಕೆಲಸವನ್ನು ಲೆಕ್ಕಾಚಾರದಿಂದ, ಪ್ರಾಮಾಣಿಕವಾಗಿ ಮಾಡುವವರು ಊರಿಗೆ ಬೇಕಾಗಿದ್ದಾರೆ. ಐ.ಟಿ.ಐ., ಡಿಪ್ಲೊಮಾ ಓದುವವರು ಇದನ್ನೊಂದು ಉದ್ಯೋಗವಾಗಿ ಯೋಚಿಸಬಹುದು. ಉಳಿದವರು ಈ ವಾರ ಮನೆಯ ತಾರಸಿಯನ್ನು ಅಳೆಯಿರಿ, ಪೈಪುಗಳನ್ನು ಎಣಿಸಿ, ನೀರು ನಿಂತ ಗುರುತುಗಳನ್ನು ಒಂದು ಹಾಳೆಯಲ್ಲಿ ಬರೆದು ತಾಯಿಯವರಿಗೆ ಕೊಡಿ. ಮುಂದಿನ ಡಿಸೆಂಬರಿನಲ್ಲಿ ಕೆಲಸದವರು ಬಂದಾಗ ಆ ಹಾಳೆ ಅವರ ಕೈಯಲ್ಲಿರಲಿ.