ಯಾವೂರು?

ಹೊನ್ನಾಳಿಯಲ್ಲೋ ನ್ಯಾಮತಿಯಲ್ಲೋ ಜ್ವರ ಬಂದು ಆಸ್ಪತ್ರೆಗೆ ಹೋದರೆ, ಅನುಭವಸ್ಥ ಡಾಕ್ಟರು ಸ್ಟೆತಾಸ್ಕೋಪ್ ಕಿವಿಗಿಡುವ ಮೊದಲೇ ಕೇಳುತ್ತಾರೆ: "ಯಾವೂರು? ಎಷ್ಟು ದಿನ ಆಯ್ತು?" ಕುಶಲ ವಿಚಾರಿಸುತ್ತಿದ್ದಾರೆ ಅಂದುಕೊಳ್ಳುತ್ತೇವೆ. ಅಲ್ಲ, ಅದು ಲೆಕ್ಕ.

ಸಂಖ್ಯಾಶಾಸ್ತ್ರದ ಮೊದಲ ಪಾಠದಲ್ಲಿ ಬರುವಂಥ ಲೆಕ್ಕ ಕೇಳಿ. 1000 ಜನರಲ್ಲಿ 10 ಮಂದಿಗೆ ಕಾಯಿಲೆ ಇದೆ ಎನ್ನೋಣ. ಪರೀಕ್ಷೆ ಅವರಲ್ಲಿ 9 ಮಂದಿಯನ್ನು ಪತ್ತೆಹಚ್ಚುತ್ತದೆ. ಆದರೆ ಆರೋಗ್ಯವಂತರಲ್ಲೂ ನೂರಕ್ಕೆ ಐವರಿಗೆ ಸುಮ್ಮಸುಮ್ಮನೆ ಪಾಸಿಟಿವ್ ಅನ್ನುತ್ತದೆ. ಉಳಿದ 990ರಲ್ಲಿ ಹಾಗೆ ಸಿಕ್ಕಿಬೀಳುವವರು ಸುಮಾರು 50. ಅಂದರೆ ಪಾಸಿಟಿವ್ ಚೀಟಿ ಹಿಡಿದ 59 ಜನರಲ್ಲಿ ನಿಜವಾದ ರೋಗಿಗಳು ಬರೀ 9! ಅದೇ ಕಾಯಿಲೆ ಊರ ತುಂಬ ಹಬ್ಬಿದ್ದಾಗ ಅದೇ ಚೀಟಿಯ ತೂಕವೇ ಬೇರೆ. ಈ ದಾರಿಯ ಯೋಚನೆಗೆ ಮೂಲವಾದ ಥಾಮಸ್ ಬೇಯ್ಸ್ ಅವರ ಪ್ರಬಂಧ ಅಚ್ಚಾದದ್ದು 1763ರಲ್ಲಿ, ಅವರು ತೀರಿಕೊಂಡ ಎರಡು ವರ್ಷಕ್ಕೆ.

ಟೈಫಾಯ್ಡ್‌ಗೆ ಮಾಡಿಸುವ ವಿಡಾಲ್ ಪರೀಕ್ಷೆ 1896ರಷ್ಟು ಹಳೆಯದು. ಎಂದೋ ಬಂದುಹೋದ ಸೋಂಕು, ಹಾಕಿಸಿಕೊಂಡ ಲಸಿಕೆ ಕೂಡ ಅದರಲ್ಲಿ ಪಾಸಿಟಿವ್ ತೋರಿಸಬಲ್ಲವು. ಅದೊಂದನ್ನೇ ನಂಬಿ ಷರಾ ಬರೆಯುವುದು, ನನ್ನ ಮಟ್ಟಿಗೆ, ಅವಸರ.

ಇನ್ನು ಊರಿನ ವಿಚಾರ. ಡೆಂಗಿ ಹರಡುವ ಸೊಳ್ಳೆಗೆ ಚನ್ನಗಿರಿಯ ತೋಟದಲ್ಲಿ ಬಿದ್ದ ಅಡಿಕೆ ಹಾಳೆಯ ಮಳೆನೀರೇ ಸಾಕು. ಹಾಗಂತ ಬರದ ಜಗಳೂರು ಬಚಾವು ಅನ್ನುವಂತಿಲ್ಲ. ನೀರು ಅಪರೂಪವಾದಲ್ಲೇ ಡ್ರಮ್ಮು, ತೊಟ್ಟಿ ತುಂಬಿಡುವುದು.

ಡಾಕ್ಟರು ಊರು ಕೇಳಿದರೆ ಬೇಸರಿಸದೆ ಹೇಳಿ. ಹೋದ ವಾರ ನೆಂಟರ ಮನೆಗೆ ಹೋಗಿದ್ದರೆ ಅದನ್ನೂ ಹೇಳಿ.