ಬೇವಿನ ಬೀಜ ನೆನೆಯಿಡುವ ರೀತಿ



ಮೈಲೂರ, ಭಾಲ್ಕಿ, ಔರಾದ ಕಡೆ ತೊಗರಿ ಹೂವಿಗೆ ಬಂತೆಂದರೆ ಕಾಯಿಕೊರಕ ಹುಳುವಿನ ಚಿಂತೆ. ಅದಕ್ಕೆ ಬೇವಿನ ಬೀಜದ ಕಷಾಯ ಒಳ್ಳೆಯದು. ಆದರೆ ಚಹಾದಂತೆ ಇದನ್ನು ಕುದಿಸಬಾರದು. ಕುದಿಸಿದರೆ ಗುಣ ಕೆಡುತ್ತದೆ. ತಣ್ಣೀರಿನಲ್ಲೇ ಸಾರ ಬಿಡಬೇಕು.

ನೆರಳಲ್ಲಿ ಒಣಗಿಸಿದ ಬೀಜದ ಸಿಪ್ಪೆ ತೆಗೆದು, ಅರ್ಧ ಕಿಲೋ ತಿರುಳು ಕುಟ್ಟಿ, ಅರಿವೆಯಲ್ಲಿ ಗಂಟು ಕಟ್ಟಿ, 10 ಲೀಟರ್ ನೀರಿನಲ್ಲಿ ರಾತ್ರಿಯೆಲ್ಲ ನೆನೆಯಿಡಿರಿ. ಮರುದಿನ ಗಂಟನ್ನು ಮತ್ತೆ ಮತ್ತೆ ಹಿಂಡಿರಿ. ನೀರು ಹಾಲಿನಂತಾದ ಮೇಲೆ ಸೋಸಿ, ತುಸು ಸಾಬೂನು ಕದಡಿರಿ. ಬಿಸಿಲಿಗೂ ಇದು ಕೆಡುವುದರಿಂದ ಸಂಜೆ ಸಿಂಪಡಿಸಿರಿ, ಉಳಿಸಿಡಬೇಡಿರಿ.

ಮೊಟ್ಟೆ, ಎಳೆ ಹುಳು ಕಂಡಾಗಲೇ ಹೊಡೆಯಬೇಕು. ಬಲಿತ ಹುಳು ಕಾಯಿ ಹೊಕ್ಕಿತೆಂದರೆ ಈ ಕಹಿ ಅದಕ್ಕೆ ಮುಟ್ಟದು. ಆದ್ದರಿಂದ ಮಳೆಗಾಲದ ಆರಂಭಕ್ಕೆ ಬೇವಿನ ಹಣ್ಣು ಉದುರುವಾಗಲೇ ಆರಿಸಿಟ್ಟುಕೊಳ್ಳಿರಿ.